ಅಜ್ಜಿಯ ಕಥೆ ಲೈಬ್ರರಿ ಬೀರುವಿನಲ್ಲಿ ಯಾಕಿಲ್ಲ? ಪುರಾ ಬೆಲ್‌ಪ್ರೆ ಬಗ್ಗೆ ಮಾತಾಡೋಣ ಬನ್ನಿ

ಗಿರಿನಗರದ ಓದುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತಾದಾಗ ಓದಿ.

ನಮ್ಮ ಮನೆಯ ಕೆಳಗಿನ ಕಾರ್ ಶೆಡ್ಡಿನಲ್ಲಿ ಮಕ್ಕಳಿಗೆ ಅಂತ ಒಂದು ಪುಟ್ಟ ಲೈಬ್ರರಿ ಇಟ್ಟಿದ್ದೇನೆ. ಎರಡು ಕಬ್ಬಿಣದ ಬೀರು, ಒಂದು ಜಮಖಾನ, 411 ಪುಸ್ತಕ. ಶನಿವಾರ ಸಂಜೆ ಐದಕ್ಕೆ ಕಥೆ. ಹೋದ ತಿಂಗಳು ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬೀರುವಿನ ಮುಂದೆ ತುಂಬಾ ಹೊತ್ತು ನಿಂತಿದ್ದಳು. ಏನು ಪುಟ್ಟಾ ಬೇಕು ಅಂದೆ. "ನಮ್ಮಜ್ಜಿ ಹೇಳ್ತಾರಲ್ಲ, ಕಾಗಕ್ಕ ಗುಬ್ಬಕ್ಕ, ಅದು ಎಲ್ಲಿದೆ ಆಂಟಿ?" ಅಂದಳು. ನಾನೂ ಹುಡುಕಿದೆ. ನಮ್ಮಲ್ಲಿ ಇರಲಿಲ್ಲ. "ಹಾಗಾದ್ರೆ ಅದು ನಿಜವಾದ ಕಥೆ ಅಲ್ವಾ?" ಅಂತ ಕೇಳಿದಳು. ಆ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದಾಗಲೇ ಪುರಾ ಬೆಲ್‌ಪ್ರೆ ಬಗ್ಗೆ ಓದಿದೆ. ನೂರು ವರ್ಷದ ಹಿಂದೆ ನ್ಯೂಯಾರ್ಕಿನಲ್ಲಿ ಲೈಬ್ರರಿಯನ್ ಆಗಿದ್ದವರು. ಹುಟ್ಟಿದ್ದು ಪೋರ್ಟೊರಿಕೊ ದ್ವೀಪದ ಸಿದ್ರಾ ಅನ್ನೋ ಊರಿನಲ್ಲಿ. ಮನೆಮಾತು ಸ್ಪ್ಯಾನಿಷ್. 1898ರಲ್ಲಿ ದ್ವೀಪ ಅಮೆರಿಕದ ಕೈಗೆ ಹೋಯಿತು, ಸ್ಕೂಲಿಗೆ ಇಂಗ್ಲಿಷ್ ಬಂತು. ಟೀಚರ್ ಆಗಬೇಕು ಅಂತ ಯೂನಿವರ್ಸಿಟಿ ಸೇರಿದ್ದರು. 1920ರಲ್ಲಿ ಅಕ್ಕತಂಗಿಯರಲ್ಲಿ ಒಬ್ಬರ ಮದುವೆಗೆ ಅಂತ ನ್ಯೂಯಾರ್ಕಿಗೆ ಬಂದವರು ಅಲ್ಲೇ ಉಳಿದರು. 1921ರಲ್ಲಿ ಹಾರ್ಲೆಮ್‌ನ 135ನೇ ಬೀದಿಯ ಪಬ್ಲಿಕ್ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮುಖ್ಯಸ್ಥೆ ಅರ್ನೆಸ್ಟಿನ್ ರೋಸ್ ಅವರಿಗೆ ಆ ಬೀದಿಯ ಜನರ ಮಾತು ಬಲ್ಲವರೇ ಕೌಂಟರಿನಲ್ಲಿ ಇರಬೇಕು ಅನ್ನೋ ಹಟ ಇತ್ತು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ಸೇರಿದ ಮೊದಲ ಪೋರ್ಟೊರಿಕನ್ ಲೈಬ್ರರಿಯನ್ ಇವರೇ.

ಬೆಲ್‌ಪ್ರೆ ಕೂಡ ಕಪಾಟು ಹುಡುಕಿದರು. ಬೇರೆ ಬೇರೆ ದೇಶದ ಜನಪದ ಕಥೆ ಸಿಕ್ಕಿತು. ತಮ್ಮ ಅಜ್ಜಿ ಹೇಳಿದ ಒಂದು ಕಥೆಯೂ ಸಿಗಲಿಲ್ಲ. ಆಗ ಅಲ್ಲಿ ಮಕ್ಕಳಿಗೆ ಕಥೆ ಹೇಳುವಾಗ ಅಚ್ಚಾದ ಪುಸ್ತಕದಿಂದಲೇ ಹೇಳಬೇಕು ಅನ್ನೋ ಪದ್ಧತಿ ಇತ್ತಂತೆ. ಇವರು ತಾವೇ ಬರೆದುಕೊಂಡ ಕಥೆ ಹೇಳೋಕೆ ವಿಶೇಷ ಅನುಮತಿ ಪಡೆದರು. 1932ರಲ್ಲಿ ಅದೇ ಕಥೆ ಪುಸ್ತಕವಾಗಿ ಬಂತು: 'ಪೆರೆಸ್ ಅಂಡ್ ಮಾರ್ಟಿನಾ'.

ಕಥೆ ಕೇಳಿ, ನಮ್ಮದೇ ಅನ್ನಿಸುತ್ತೆ. ಮಾರ್ಟಿನಾ ಒಂದು ಜಿರಳೆ. ಮನೆ ಗುಡಿಸುವಾಗ ಅವಳಿಗೆ ಒಂದು ನಾಣ್ಯ ಸಿಗುತ್ತೆ. ಅದರಲ್ಲಿ ಪೌಡರ್ ತಗೊಂಡು, ಹಚ್ಚಿಕೊಂಡು, ಚೆನ್ನಾಗಿ ಸಿಂಗರಿಸಿಕೊಂಡು ಬಾಲ್ಕನಿಯಲ್ಲಿ ಕೂರುತ್ತಾಳೆ. ಬೆಕ್ಕು ಬರುತ್ತೆ, ಹುಂಜ ಬರುತ್ತೆ, ಎಲ್ಲರೂ ಮದುವೆ ಆಗ್ತೀಯಾ ಅಂತಾರೆ. ಮದುವೆ ಆದಮೇಲೆ ನನ್ನ ಹತ್ತಿರ ಹೇಗೆ ಮಾತಾಡ್ತೀಯ ಅಂತ ಒಬ್ಬೊಬ್ಬರನ್ನೂ ಕೇಳುತ್ತಾಳೆ. ಒಬ್ಬೊಬ್ಬರ ಗಂಟಲೂ ಕೇಳೋಕಾಗಲ್ಲ. ಕೊನೆಗೆ ಪೆರೆಸ್ ಅನ್ನೋ ಇಲಿ ಬರುತ್ತೆ. ಅದರ ಮಾತು ಇಂಪು. ಮದುವೆ ಆಗುತ್ತೆ. ಕ್ರಿಸ್‌ಮಸ್‌ಗೆ ಅವಳು ಅಕ್ಕಿ, ಬಾದಾಮಿ, ಸಕ್ಕರೆ ಹಾಕಿ ಪಾತ್ರೆ ತುಂಬ ಸಿಹಿ ಮಾಡುತ್ತಾಳೆ, ನಮ್ಮ ಅಕ್ಕಿ ಪಾಯಸದ ಹಾಗೆಯೇ. ಪೆರೆಸ್ ಒಂಚೂರು ರುಚಿ ನೋಡೋಣ ಅಂತ ಬಗ್ಗಿ ಒಳಗೆ ಬಿದ್ದು ಸತ್ತೇ ಹೋಗುತ್ತಾನೆ.

ಇದನ್ನು ಜಮಖಾನದ ಮೇಲೆ ಕೂತ ಹದಿನಾಲ್ಕು ಮಕ್ಕಳಿಗೆ ಹೇಳಿದೆ. ಪಾಯಸದಲ್ಲಿ ಬಿದ್ದ ಅಂದಾಗ ಒಬ್ಬ ಬಾಯಿ ಮೇಲೆ ಕೈ ಇಟ್ಟುಕೊಂಡು, "ಆಂಟಿ, ನಮ್ಮಜ್ಜಿ ಕಥೇಲಿ ಕಾಗೆನೂ ಪಾಯಸ ಕುಡಿಯೋಕೆ ಹೋಗಿ ಸುಟ್ಕೊಳ್ಳುತ್ತೆ" ಅಂದ. ಎಲ್ಲಿಯ ಸಿದ್ರಾ, ಎಲ್ಲಿಯ ಗಿರಿನಗರ!

ನನ್ನ ಪ್ರಶ್ನೆ ಇಷ್ಟೇ. ಬೆಂಗಳೂರಿನ ಮಕ್ಕಳಿಗೆ ಎರಡು ಭಾಷೆಯಲ್ಲಿ ಕಥೆ ಹೇಳುವವರು, ಬರೆಯುವವರು, ಲೈಬ್ರರಿ ನಡೆಸುವವರು ಇಲ್ಲಿ ಯಾರಾದರೂ ಇದ್ದೀರಾ? ಹೇಗೆ ಮಾಡ್ತೀರಿ?

ಹಳೇ ಲೈಬ್ರರಿಯನ್:

ಮೇಡಂ, ಓದಿ ತುಂಬಾ ಸಂತೋಷವಾಯಿತು. ನಾನು 31 ವರ್ಷ ಲೈಬ್ರರಿ ಕೆಲಸ ಮಾಡಿ ನಿವೃತ್ತನಾದವನು.

ನಮ್ಮ ಕಸುಬಿಗೆ ಗುರು ಅಂದರೆ ಎಸ್.ಆರ್. ರಂಗನಾಥನ್. 1931ರಲ್ಲಿ ಅವರು ಬರೆದ ಐದು ಸೂತ್ರಗಳನ್ನು ನಾವು ಬಾಯಿಪಾಠ ಮಾಡಿದ್ದೆವು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರು ಮಾಡಿದರು, 1972ರಲ್ಲಿ ಇಲ್ಲೇ ತೀರಿಕೊಂಡರು.

ಈ ಸೂತ್ರ ಹಿಡಿದು ಬೆಲ್‌ಪ್ರೆಯವರನ್ನು ನೋಡಿ. ಓದುಗ ಎದುರಿಗೆ ನಿಂತಿದ್ದಾನೆ, ಪುಸ್ತಕವೇ ಹುಟ್ಟಿಲ್ಲ. ನಮ್ಮಂಥವರು ಏನು ಮಾಡುತ್ತೇವೆ? ಇಲ್ಲ ಮರಿ, ಆ ಪುಸ್ತಕ ಬಂದಿಲ್ಲ ಅಂತ ಕಳಿಸುತ್ತೇವೆ. ನಾನೂ ಎಷ್ಟೋ ಮಕ್ಕಳನ್ನು ಹಾಗೆ ಕಳಿಸಿದ್ದೇನೆ. ಇವತ್ತು ನೆನೆದರೆ ಬೇಜಾರಾಗುತ್ತೆ. ಆಕೆ ಕಳಿಸಲಿಲ್ಲ, ಬರೆದು ಕೈಗೆ ಕೊಟ್ಟರು. ಬರಹಗಾರ್ತಿ ಬೇರೆ, ಲೈಬ್ರರಿಯನ್ ಬೇರೆ ಅಂತ ನೋಡಬಾರದು. ಕೌಂಟರಿನಲ್ಲಿ ಕೂತಿದ್ದಕ್ಕೇ ಯಾವ ಪುಸ್ತಕ ಬೇಕು ಅಂತ ಗೊತ್ತಾಯಿತು.

ಒಂದು ಕೆಲಸ ಮಾಡಿ. ಇನ್ನೂರು ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ ತನ್ನಿ. ಅಜ್ಜಿ ಹೇಳಿದ ಕಥೆ ಅದರಲ್ಲಿ ಬರೆಯಿಸಿ. ಆಮೇಲೆ ಅದನ್ನು ಆಕ್ಸೆಷನ್ ರಿಜಿಸ್ಟರಿಗೆ, ಅಂದರೆ ಲೈಬ್ರರಿಗೆ ಬಂದ ಪುಸ್ತಕಗಳ ಪಟ್ಟಿಗೆ ಏರಿಸಿ, ಬೇರೆ ಎಲ್ಲ ಪುಸ್ತಕದ ಹಾಗೇ ನಂಬರ್ ಕೊಡಿ. ಬೆನ್ನಿಗೆ ಲೇಬಲ್, ಹಿಂದೆ ದಿನಾಂಕದ ಚೀಟಿ, ಎಲ್ಲ ಇರಲಿ. ಸುಮ್ನೆ ಮೇಜಿನ ಮೇಲಿಟ್ಟರೆ ಅದು ನೋಟ್‌ಬುಕ್ಕು. ನಂಬರ್ ಬಿದ್ದು ಬೀರುವಿಗೆ ಹೋದರೆ ಪುಸ್ತಕ. ಮಕ್ಕಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ.

ಜಯನಗರ ನಾಲ್ಕನೇ ಬ್ಲಾಕ್:

ಬೇಜಾರು ಮಾಡ್ಕೋಬೇಡಿ, ನನಗೆ ಎರಡು ಭಾಷೆ ಅಂದ ತಕ್ಷಣ ಭಯ ಆಗುತ್ತೆ. ನನ್ನ ಮಗಳು ನಾಲ್ಕನೇ ಕ್ಲಾಸ್. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಇರೋ ಪುಸ್ತಕಗಳನ್ನು ತಂದುಕೊಟ್ಟೆ. ಪಕ್ಕದಲ್ಲಿ ಕೂತು ಗಮನಿಸಿದೆ. ಅವಳ ಕಣ್ಣು ನೇರವಾಗಿ ಕೆಳಗಿನ ಸಾಲಿಗೇ ಹೋಗುತ್ತೆ. ಒತ್ತಕ್ಷರ ಬಂದ ಕಡೆ ನಿಲ್ಲೋದೇ ಇಲ್ಲ. ಇಡೀ ಪುಸ್ತಕ ಓದಿ ಮುಗಿಸಿದಳು, ಕನ್ನಡ ಒಂದು ಸಾಲೂ ಓದಿರಲಿಲ್ಲ. ಇಂಗ್ಲಿಷ್ ಕಲಿಸೋಕೆ ಊರು ತುಂಬ ಸ್ಕೂಲಿದೆ. ಕಥೆ ಹೇಳೋ ಹೊತ್ತಾದರೂ ಪೂರ್ತಿ ಕನ್ನಡದ್ದಾಗಿರಲಿ ಅಲ್ವಾ? ಇದನ್ನು ತುಂಬಾ ಯೋಚನೆ ಮಾಡಿಯೇ ಹೇಳುತ್ತಿದ್ದೇನೆ.

ಗಿರಿನಗರದ ಓದುಗಿ:

ಬೇಜಾರು ಯಾಕೆ ಸರ್, ನೀವು ಹೇಳಿದ್ದು ನಾನೂ ನೋಡಿದ್ದೇನೆ. ಒಂದೇ ಪುಟದಲ್ಲಿ ಎರಡೂ ಇದ್ದರೆ ಮಗು ಸುಲಭದ ಕಡೆಗೇ ಹೋಗುತ್ತೆ. ಅದಕ್ಕೇ ನಾನು ಒಂದು ಸಾಲು ಕನ್ನಡ, ಅದರ ಬೆನ್ನಿಗೇ ಇಂಗ್ಲಿಷ್ ಅಂತ ಹೇಳೋದನ್ನು ನಿಲ್ಲಿಸಿದೆ. ಈ ಶನಿವಾರ ಪೂರ್ತಿ ಕನ್ನಡದಲ್ಲಿ ಹೇಳುತ್ತೇನೆ. ಅರ್ಥ ಆಗದ ಮಗು ಮುಖ ನೋಡಿ, ಕೈ ನೋಡಿ, ಪಕ್ಕದವರನ್ನು ಕೇಳಿ ಹೇಗೋ ಹಿಡಿದುಕೊಳ್ಳುತ್ತೆ. ಮುಂದಿನ ಶನಿವಾರ ಅದೇ ಕಥೆ ಇಂಗ್ಲಿಷಿನಲ್ಲಿ. ಆಗ ಕನ್ನಡ ಗೊತ್ತಿರೋ ಮಕ್ಕಳು ಧೈರ್ಯವಾಗಿ ಕೂರುತ್ತಾರೆ, ಕಥೆ ಮೊದಲೇ ಅವರ ಕೈಯಲ್ಲಿರುತ್ತಲ್ಲ.

ಇನ್ನೊಂದು ವಿಷಯ. ಬೆಲ್‌ಪ್ರೆ ತಮ್ಮ ಇಂಗ್ಲಿಷ್ ಪುಸ್ತಕದಲ್ಲೂ ಕೆಲವು ಸ್ಪ್ಯಾನಿಷ್ ಮಾತುಗಳನ್ನು ಹಾಗೇ ಬಿಟ್ಟಿದ್ದಾರೆ. ನಾನೂ ಇಂಗ್ಲಿಷ್ ದಿನ "ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ" ಅನ್ನೋದನ್ನು ಮುಟ್ಟುವುದಿಲ್ಲ. "ಇರು, ಮಗೂಗೆ ಎಣ್ಣೆ ಹಚ್ತಿದೀನಿ" ಅನ್ನೋದೂ ಕನ್ನಡದಲ್ಲೇ. ಕನ್ನಡ ಬಾರದ ಮಕ್ಕಳೂ ಅಷ್ಟನ್ನು ಒಟ್ಟಿಗೆ ಕೂಗುತ್ತಾರೆ. ನಿಮ್ಮ ಮಗಳನ್ನು ಒಂದು ಶನಿವಾರ ಕರಕೊಂಡು ಬನ್ನಿ.

ಯಲಹಂಕ ಮೇಷ್ಟ್ರು:

ನಾನು ಸರ್ಕಾರಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮಲ್ಲಿ ಜಾಸ್ತಿ ಮಕ್ಕಳು ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ನೀವೆಲ್ಲ ಕನ್ನಡ ಒಂದು ಕಡೆ, ಇಂಗ್ಲಿಷ್ ಒಂದು ಕಡೆ ಅಂತ ಮಾತಾಡುತ್ತಿದ್ದೀರಿ. ನಮ್ಮ ಕ್ಲಾಸಿನಲ್ಲಿ ಕನ್ನಡದ ಒಳಗೇ ಎರಡು ಭಾಷೆ ಇದೆ.

ಹೋದ ವರ್ಷ ಐದನೇ ಕ್ಲಾಸಿಗೆ ಹೊಸದಾಗಿ ಬಂದ ಹುಡುಗಿಯನ್ನು ಕಥೆ ಹೇಳಮ್ಮ ಅಂತ ಎಬ್ಬಿಸಿದೆ. "ಒಂದ್ ಊರಾಗ ಒಬ್ಬಾಕಿ ಮುದುಕಿ ಇದ್ಲು" ಅಂತ ಶುರು ಮಾಡಿದಳು. ಹಿಂದಿನ ಬೆಂಚಿನವರು ನಕ್ಕರು. ಅವಳು ಕೂತುಬಿಟ್ಟಳು. ಮೂರು ವಾರ ಬಾಯಿ ಬಿಡಲಿಲ್ಲ. ತಪ್ಪು ನನ್ನದೂ ಇತ್ತು. ನಕ್ಕವರನ್ನು ಗದರಿದೆ ಅಷ್ಟೇ, ಅವಳ ಕಥೆ ಮುಂದಕ್ಕೆ ಕೇಳಲಿಲ್ಲ.

ಆಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ ಒಬ್ಬಳನ್ನೇ ಕೂರಿಸಿಕೊಂಡು ಆ ಕಥೆ ಪೂರ್ತಿ ಹೇಳಿಸಿಕೊಂಡೆ. ಬೋರ್ಡಿನ ಮೇಲೆ ಅವಳು ಹೇಳಿದ ಹಾಗೇ ಬರೆದೆ. ಊರಾಗ ಅಂದರೆ ಊರಾಗ. ಹ್ಯಾಂಗ ಅಂದರೆ ಹ್ಯಾಂಗ. ಒಂದಕ್ಷರ ತಿದ್ದಲಿಲ್ಲ. ಮಧ್ಯಾಹ್ನ ಮಕ್ಕಳು ಒಳಗೆ ಬಂದು, ಬೋರ್ಡ್ ಓದಿ, ಮುದುಕಿ ಮುಂದೇನು ಮಾಡಿದಳು ಅಂತ ಅವಳನ್ನೇ ಕೇಳೋಕೆ ಶುರು ಮಾಡಿದರು. ಬೋರ್ಡಿನ ಮೇಲೆ ಬಂದದ್ದಕ್ಕೆ ಮಕ್ಕಳು ನಗುವುದಿಲ್ಲ ಅಂತ ಅವತ್ತು ಕಲಿತೆ.

ಹಳೇ ಲೈಬ್ರರಿಯನ್ ಅವರು ನಂಬರ್ ಬಿದ್ದರೆ ಪುಸ್ತಕ ಅಂದದ್ದು ಇದೇ ಅಂತ ನನಗೆ ಅನ್ನಿಸಿತು. ಜಯನಗರದ ಗೆಳೆಯರಿಗೆ ಒಂದು ಮಾತು: ಪೂರ್ತಿ ಕನ್ನಡ ಅಂದಾಗ ಯಾವ ಕನ್ನಡ ಅಂತಲೂ ಸ್ವಲ್ಪ ಯೋಚಿಸಿ.

ಜಯನಗರ ನಾಲ್ಕನೇ ಬ್ಲಾಕ್:

ಮೇಷ್ಟ್ರೇ, ನಾನು ಇದನ್ನು ಯೋಚಿಸಿರಲಿಲ್ಲ. ನಮ್ಮ ತಾಯಿ ಹಾಸನದವರು. ಅವರು ಕಥೆ ಹೇಳುವಾಗ ಬಳಸೋ ಎಷ್ಟೋ ಮಾತನ್ನು ನಾನೇ ಮಗಳಿಗೆ ಪುಸ್ತಕದ ಕನ್ನಡಕ್ಕೆ ತಿದ್ದಿ ಹೇಳುತ್ತಿದ್ದೆ. ಇನ್ನು ಮೇಲೆ ತಿದ್ದುವುದಿಲ್ಲ.

ಗೊಂಬೆಯಾಟದ ಹುಚ್ಚು:

ಬೆಲ್‌ಪ್ರೆ ಅವರ ಗೊಂಬೆಗಳ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಕಥೆ ಹೇಳೋಕೆ ತಾವೇ ಗೊಂಬೆ ಮಾಡಿಕೊಳ್ಳುತ್ತಿದ್ದರು, ಗೊಂಬೆಯಾಟವನ್ನೂ ಕಟ್ಟಿದರು. ಭಾಷೆ ಅರ್ಧಂಬರ್ಧ ಗೊತ್ತಿರೋ ಮಗುವಿಗೆ ಗೊಂಬೆಗಿಂತ ದೊಡ್ಡ ಸಹಾಯ ಇಲ್ಲ. ಮಾತು ಅರ್ಥವಾಗದಿದ್ದರೂ ಇಲಿ ಬಗ್ಗಿದ್ದು ಕಾಣುತ್ತೆ. ನಮ್ಮಲ್ಲಿ ತೊಗಲುಗೊಂಬೆ, ಸೂತ್ರದ ಗೊಂಬೆ ಎರಡೂ ಇವೆ. ದೊಡ್ಡ ವೇದಿಕೆ ಬೇಕಾಗಿಲ್ಲ. ಹಳೇ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದರೆ ಮಾರ್ಟಿನಾ ರೆಡಿ. ಗಿರಿನಗರಕ್ಕೆ ಬಂದು ಮಕ್ಕಳಿಗೆ ಮಾಡಿ ತೋರಿಸುತ್ತೇನೆ, ದುಡ್ಡು ಏನೂ ಬೇಡ.

ವೈಟ್‌ಫೀಲ್ಡ್ ಅಮ್ಮ:

ನನಗೂ ಸಹಾಯ ಬೇಕು. ನಾನು ಕನ್ನಡ, ನಮ್ಮವರು ತೆಲುಗು, ಮನೆಯಲ್ಲಿ ಇಂಗ್ಲಿಷ್. ಮಗನಿಗೆ ಐದು ವರ್ಷ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದೊಂದು ಮಹಡಿಯಲ್ಲಿ ಒಂದೊಂದು ಭಾಷೆ. ಇಂಥ ಕಡೆ ಕನ್ನಡ ಕಥೆ ಶುರು ಮಾಡಿದರೆ ಯಾರು ಬರುತ್ತಾರೆ ಅಂತ ಹಿಂಜರಿಕೆ. ಒಂದು ಸಲ ಬೇರೊಂದು ಕಡೆ ಕೇಳಿದ್ದೆ, ಕನ್ನಡಕ್ಕೆ ಡಿಮ್ಯಾಂಡ್ ಇಲ್ಲ ಮೇಡಂ ಅಂತ ಕಳಿಸಿದರು. ಅವತ್ತು ಕಣ್ಣಲ್ಲಿ ನೀರು ಬಂತು.

ಹಳೇ ಲೈಬ್ರರಿಯನ್:

ಅಮ್ಮಾ, ಡಿಮ್ಯಾಂಡ್ ಇಲ್ಲ ಅನ್ನೋ ಮಾತು ನಾನು ಇಡೀ ಸರ್ವಿಸಿನಲ್ಲಿ ಕೇಳಿದ್ದೇನೆ. ಒಂದು ಶಾಖೆಯಲ್ಲಿ ಮಕ್ಕಳ ಕನ್ನಡ ಪುಸ್ತಕಗಳನ್ನು ಹರಿದುಹೋಗುತ್ತೆ ಅಂತ ಬೀಗ ಹಾಕಿಟ್ಟಿದ್ದರು. ಯಾರೂ ತೆಗೆದುಕೊಂಡು ಹೋಗುತ್ತಿಲ್ಲ ಅಂತ ವರದಿಯನ್ನೂ ಅವರೇ ಬರೆಯುತ್ತಿದ್ದರು. ಬೀಗದ ಒಳಗಿರೋ ಪುಸ್ತಕವನ್ನು ಯಾರು ತಗೊಂಡು ಹೋಗೋಕಾಗುತ್ತೆ?

ಬೆಲ್‌ಪ್ರೆ ಇದಕ್ಕೆ ಏನು ಮಾಡಿದರು ಅಂತ ಹೇಳುತ್ತೇನೆ. 1920ರ ದಶಕದ ಕೊನೆಗೆ ಪೋರ್ಟೊರಿಕೊದ ಕುಟುಂಬಗಳು ಹಾರ್ಲೆಮ್‌ನ 115ನೇ ಬೀದಿಯ ಕಡೆ ಬಂದು ನೆಲೆಸಿದವು. ಬೆಲ್‌ಪ್ರೆಯವರನ್ನೂ ಅಲ್ಲಿನ ಲೈಬ್ರರಿ ಶಾಖೆಗೆ ಕಳಿಸಿದರು. ಇವರು ಲೈಬ್ರರಿಯಲ್ಲಿ ಕೂತು ಜನ ಬರಲಿ ಅಂತ ಕಾಯಲಿಲ್ಲ. ಚರ್ಚಿಗೆ ಹೋದರು, ಆ ಬೀದಿಯ ಸಂಘಗಳಿಗೆ ಹೋದರು, ಸ್ಪ್ಯಾನಿಷ್‌ನಲ್ಲಿ ಕಥೆ ಹೇಳಿದರು. ಪೋರ್ಟೊರಿಕೊದ ಮನೆಮನೆಯಲ್ಲಿ ಮಾಡೋ ಮೂರು ರಾಜರ ಹಬ್ಬವನ್ನು ಲೈಬ್ರರಿಯ ಒಳಗೇ ಮಾಡಿಸಿದರು. ಹಬ್ಬಕ್ಕೆ ಅಂತ ಬಂದ ಅಪ್ಪ ಅಮ್ಮಂದಿರು ಲೈಬ್ರರಿ ನಮ್ಮದೂ ಹೌದು ಅಂದುಕೊಂಡರು. ನೀವೂ ಮೊದಲು ಸಂಕ್ರಾಂತಿಗೋ ಯುಗಾದಿಗೋ ಒಂದು ಕಥೆ ಹೇಳಿ. ಯುಗಾದಿ ನಿಮ್ಮ ಮನೆಯವರ ಕಡೆಗೂ ಹಬ್ಬವೇ ಅಲ್ವಾ, ನಿಮ್ಮ ಅತ್ತೆಯವರಿಂದ ತೆಲುಗಿನಲ್ಲಿ ಒಂದು ಹೇಳಿಸಿ.

ಇನ್ನೊಂದು ಎಲ್ಲರಿಗೂ. ನಾವು ಕಟ್ಟೋ ಆಸ್ತಿ ತೆರಿಗೆಯ ಮೇಲೆ ಲೈಬ್ರರಿಗೆ ಅಂತಲೇ ಕರ ಹೋಗುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಅದಕ್ಕೇ ನಿಮ್ಮ ವಾರ್ಡಿನ ಲೈಬ್ರರಿಗೆ ಹೋಗಿ ಮಕ್ಕಳಿಗೆ ಇಂಥ ಪುಸ್ತಕ ಬೇಕು ಅಂತ ಬರೆದುಕೊಡಿ. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತೆ, ಬರೆದದ್ದು ಉಳಿಯುತ್ತೆ. ಭಾನುವಾರ ಮಕ್ಕಳನ್ನು ಕಬ್ಬನ್ ಪಾರ್ಕಿಗೆ ಕರಕೊಂಡು ಹೋದಾಗ 1915ರ ಆ ಕೆಂಪು ಶೇಷಾದ್ರಿ ಅಯ್ಯರ್ ಕಟ್ಟಡದ ಮುಂದೆ ಬರೀ ಫೋಟೋ ತೆಗೆದುಕೊಂಡು ಬರಬೇಡಿ, ಒಳಗೂ ಹೋಗಿ. ಅದು ಲೈಬ್ರರಿ.

ವೈಟ್‌ಫೀಲ್ಡ್ ಅಮ್ಮ:

ಸರ್, ತುಂಬಾ ಧನ್ಯವಾದ. ಅತ್ತೆಗೆ ಈಗಲೇ ಹೇಳಿದೆ, ಅವರಿಗೆ ನನಗಿಂತ ಜಾಸ್ತಿ ಉತ್ಸಾಹ. ಒಂದು ಪ್ರಶ್ನೆ, ಬೆಲ್‌ಪ್ರೆ ಆಮೇಲೆ ಏನಾದರು? ಕೊನೆವರೆಗೂ ಅದೇ ಲೈಬ್ರರಿಯಲ್ಲಿ ಇದ್ದರಾ?

ಗಿರಿನಗರದ ಓದುಗಿ:

ಇಲ್ಲ. 1943ರಲ್ಲಿ ಕ್ಲಾರೆನ್ಸ್ ಕ್ಯಾಮರಾನ್ ವೈಟ್ ಅನ್ನೋ ಪಿಟೀಲು ವಾದಕರನ್ನು ಮದುವೆ ಆದರು. ಅವರು ಸಂಗೀತವನ್ನೂ ರಚಿಸುತ್ತಿದ್ದರು. ಮದುವೆ ಆದಮೇಲೆ ಕೆಲಸ ಬಿಟ್ಟು ಗಂಡನ ಜೊತೆ ಓಡಾಡಿದರು, ಬರೆದರು. 1946ರಲ್ಲಿ ಪೋರ್ಟೊರಿಕೊದ ಕಥೆಗಳ ಒಂದು ಸಂಗ್ರಹ ಬಂತು. 1960ರಲ್ಲಿ ಗಂಡ ತೀರಿಕೊಂಡರು. ಆಗ ಮತ್ತೆ ಲೈಬ್ರರಿಗೆ ಬಂದರು. ಈ ಸಲ ಒಂದು ಶಾಖೆ ಅಂತಿಲ್ಲ, ಸ್ಪ್ಯಾನಿಷ್ ಮಾತಾಡೋ ಮಕ್ಕಳು ಎಲ್ಲಿದ್ದಾರೋ ಅಲ್ಲಿಗೆ ನಗರವೆಲ್ಲ ಓಡಾಡೋ ಕೆಲಸ. 1968ರಲ್ಲಿ ನಿವೃತ್ತಿ. ಆಮೇಲೂ ಸುಮ್ನೆ ಕೂರಲಿಲ್ಲ, ನ್ಯೂಯಾರ್ಕಿನದೇ ಸೌತ್ ಬ್ರಾಂಕ್ಸ್ ಬಡಾವಣೆಯ ಲೈಬ್ರರಿ ಯೋಜನೆಗೆ ಸೇರಿ ಗೊಂಬೆಗಳನ್ನು ಹೊತ್ತುಕೊಂಡು ಹೋದರು. 1982ರ ಜುಲೈ 1ಕ್ಕೆ ತೀರಿಕೊಂಡರು. 1996ರಿಂದ ಅವರ ಹೆಸರಿನಲ್ಲಿ ಮಕ್ಕಳ ಪುಸ್ತಕ ಬರೆಯುವ, ಚಿತ್ರ ಬಿಡಿಸುವ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರಿಗೆ ಪ್ರಶಸ್ತಿ ಕೊಡುತ್ತಾರೆ. ಅವರೇ ಬರೆದಿಟ್ಟಿದ್ದ 'ಫೈರ್‌ಫ್ಲೈ ಸಮ್ಮರ್' ಅನ್ನೋ ಕಾದಂಬರಿ ಅಚ್ಚಾದದ್ದೂ ಅದೇ ವರ್ಷ, ಅವರು ಹೋಗಿ 14 ವರ್ಷ ಆದಮೇಲೆ. ಆ ಪುಸ್ತಕವನ್ನು ಅವರು ಕೈಯಲ್ಲಿ ಹಿಡಿಯಲಿಲ್ಲವಲ್ಲ ಅಂತ ನನಗೆ ಸಂಕಟ.

ಅಂದಹಾಗೆ, ನ್ಯೂಯಾರ್ಕಿನ ಆ ಲೈಬ್ರರಿಯಲ್ಲಿ ಕಥೆ ಶುರುವಾಗೋ ಮುಂಚೆ ಮೇಣದ ಬತ್ತಿ ಹಚ್ಚುತ್ತಿದ್ದರು. ಮುಗಿದ ಮೇಲೆ ಮಕ್ಕಳು ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು ಊದಿ ಆರಿಸಬೇಕು. ನಾನೂ ಮಾಡೋಣ ಅಂತ ದೀಪ ಹಚ್ಚಿದೆ. ಊದಿ ಅಂದ ತಕ್ಷಣ ಮೊಮ್ಮಗಳನ್ನು ಕರಕೊಂಡು ಬಂದಿದ್ದ ಅಜ್ಜಿಯೊಬ್ಬರು ಎದ್ದೇ ನಿಂತರು. "ದೀಪವನ್ನ ಬಾಯಲ್ಲಿ ಊದಬಾರದು ಕಣಮ್ಮ, ಶಾಂತ ಮಾಡಬೇಕು" ಅಂತ ತಮ್ಮ ಮುಡಿಯಿಂದ ಒಂದು ಹೂವು ತೆಗೆದು ನನ್ನ ಕೈಗೆ ಕೊಟ್ಟರು. ಈಗ ನಮ್ಮಲ್ಲಿ ಪ್ರತಿ ವಾರ ಒಂದು ಮಗು ಮನಸ್ಸಿನಲ್ಲಿ ಬೇಡಿಕೊಂಡು ಹೂವಿನಿಂದ ದೀಪ ಶಾಂತ ಮಾಡುತ್ತೆ. ಆ ಸರದಿಗೆ ದೊಡ್ಡ ಜಗಳ.

ಗಿರಿನಗರದ ಓದುಗಿ:

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ಹಳೇ ಲೈಬ್ರರಿಯನ್ ಸರ್, ನೀವು ಹೇಳಿದ ಹಾಗೇ ಮಾಡಿದೆವು.

ಆ ಎರಡನೇ ಕ್ಲಾಸಿನ ಹುಡುಗಿಯ ಅಜ್ಜಿಯನ್ನೇ ಕರೆಸಿದೆ. ಅವರು ಹೇಳುತ್ತಾ ಹೋದರು, ದೊಡ್ಡ ಮಕ್ಕಳು ಬರೆದರು. ಕಾಗಕ್ಕನ ಮನೆ ಸಗಣಿದು, ಗುಬ್ಬಕ್ಕನ ಮನೆ ಕಲ್ಲಿಂದು ಅಂತ ಅಜ್ಜಿ ಹೇಳಿದರು. ಹಿಂದೆ ಕೂತಿದ್ದ ಇನ್ನೊಬ್ಬ ಅಜ್ಜಿ, "ಕಲ್ಲಿಂದಲ್ಲ ಕಣ್ರೀ, ಮೇಣದ್ದು" ಅಂದರು. ಇಬ್ಬರೂ ಬಿಟ್ಟುಕೊಡಲಿಲ್ಲ. ಮೇಷ್ಟ್ರು ಹೇಳಿದ್ದು ನೆನಪಾಯಿತು, ಯಾರನ್ನೂ ತಿದ್ದಲಿಲ್ಲ. ಎಡಗಡೆ ಪುಟದಲ್ಲಿ ಕಲ್ಲಿನ ಮನೆ, ಬಲಗಡೆ ಪುಟದಲ್ಲಿ ಮೇಣದ ಮನೆ. ಇಂಗ್ಲಿಷಿನದು ಬೇರೆ ನೋಟ್‌ಬುಕ್, ಅದನ್ನು ಜಯನಗರದ ಗೆಳೆಯರ ಮಗಳೇ ಬರೆಯುತ್ತಿದ್ದಾಳೆ. ಕನ್ನಡದ ನೋಟ್‌ಬುಕ್ ಓದದೆ ಅದನ್ನು ಬರೆಯೋಕಾಗಲ್ಲ ಅಂತ ಅವಳಿಗೆ ಬೇಗ ಗೊತ್ತಾಯಿತು, ಒತ್ತಕ್ಷರ ಕೇಳಿಕೊಂಡು ಕೇಳಿಕೊಂಡು ಓದುತ್ತಿದ್ದಾಳೆ.

ರಿಜಿಸ್ಟರಿನಲ್ಲಿ ನಂಬರ್ 412. ಬರೆದವರು ಅನ್ನೋ ಕಡೆ ಇಬ್ಬರು ಅಜ್ಜಿಯರ ಹೆಸರೂ ಇದೆ. ಬೆನ್ನಿಗೆ ಲೇಬಲ್ ಅಂಟಿಸಿದ್ದು ಆ ಹುಡುಗಿಯೇ. ಅಂಟು ಒಣಗೋಕೂ ಬಿಡದೆ ಮನೆಗೆ ತಗೊಂಡು ಹೋಗ್ತೀನಿ ಅಂದಳು. ಚೀಟಿಯ ಮೇಲೆ ದಿನಾಂಕದ ಸೀಲು ಹಾಕಿ ಕೊಟ್ಟೆ. ಬರೋ ಶನಿವಾರ ವಾಪಸ್ ತರಬೇಕು, ಅದಕ್ಕೆ ಈಗಾಗಲೇ ಮೂವರು ಸಾಲಿನಲ್ಲಿದ್ದಾರೆ.